ಕುಂಟಲ ಹಣ್ಣಿಗೆ ಬಣ್ಣ ಬಂದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾವ ಹಣ್ಣು ತಿನ್ನಬಹುದು, ಯಾವುದು ವಿಷ ಎಂದು ಯಾರಿಗೂ ಗೊತ್ತಿರಲಿಲ್ಲ. ಆಗ ಕಡಲು ಕಾಣುವ ಕೆಂಪುಕಲ್ಲಿನ ಗುಡ್ಡದ ಮೇಲೆ ಸ್ವಲ್ಪ ಜನ ಇದ್ದರು. ಅವರಲ್ಲೊಂದು ಪದ್ಧತಿ. ಹೊಸ ಹಣ್ಣನ್ನು ಮೊದಲು ಊರಿನ ಹಿರಿಯಾಕೆ ತಿನ್ನಬೇಕು. ಹೊತ್ತು ಮುಳುಗುವ ತನಕ ಬಂಡೆಯ ಮೇಲೆ ಕೂತು, ಕೊನೆಗೆ ತಿಂದೆನೆಂದು ನಾಲಿಗೆ ಚಾಚಿ ತೋರಿಸಬೇಕು. ಆಮೇಲೆಯೇ ಮಕ್ಕಳು ಬಾಯಿಗೆ ಹಾಕುವುದು.

ಈಗ ಹಿರಿಯಾಕೆ ದುಗ್ಗಜ್ಜಿ. ಅವಳ ಅಕ್ಕನೂ ಹೀಗೇ ಒಂದು ಹಣ್ಣು ತಿಂದು ಕೂತವಳು ಆ ಬಂಡೆಯಿಂದ ಎದ್ದಿರಲಿಲ್ಲ.

ಆ ವರ್ಷ ಗೆಡ್ಡೆಗೆಣಸು ಮುಗಿದಿತ್ತು. ನೇರಳೆಮರದ ಹಣ್ಣು ಕೈಗೆ ಎಟುಕುತ್ತಿರಲಿಲ್ಲ. ಅದರ ಪುಟ್ಟ ತಂಗಿ ಕುಂಟಲದ ಗಿಡ ಮಾತ್ರ ಮಕ್ಕಳ ಎತ್ತರಕ್ಕೇ ನಿಂತು, ಗೊಂಚಲು ಗೊಂಚಲು ಹಣ್ಣು ಬಿಟ್ಟಿತ್ತು. ಹಣ್ಣಿಗೆ ಬಣ್ಣವೇ ಇರಲಿಲ್ಲ, ಮಂಜಿನ ಹನಿಯ ಹಾಗೆ.

ದುಗ್ಗಜ್ಜಿ ಒಂದು ಹಣ್ಣು ಕಿತ್ತಳು. ಬಾಯಿಗೆ ಹಾಕಿದ ಹಾಗೆ ಮಾಡಿ ಮುಷ್ಟಿಯಲ್ಲಿ ಅಡಗಿಸಿದಳು. ಸಂಜೆ ನಾಲಿಗೆ ತೋರಿಸಿ, ಇದು ಹೊಟ್ಟೆಗೆ ಆಗುವುದಿಲ್ಲ, ಯಾರೂ ಮುಟ್ಟಬೇಡಿ ಅಂದಳು. ಮೊಮ್ಮಗಳು ಅಕ್ಕು ಬರೀ ಹೊಟ್ಟೆಯಲ್ಲೇ ಒರಗಿದಳು.

"ನೀನು ನನ್ನ ಹಣ್ಣು ತಿನ್ನಲೇ ಇಲ್ಲವಲ್ಲ ಅಜ್ಜೀ," ಅಂದಿತು ಕುಂಟಲ.

"ಹೆದರಿಕೆ ಮಗಾ," ಅಂದಳು ಅಜ್ಜಿ, ನೆಲ ನೋಡುತ್ತಾ.

ಕುಂಟಲ ಆಗ ಕಡಲಿಗೆ ಇಳಿಯುತ್ತಿದ್ದ ಸಂಜೆಯನ್ನು ಕರೆಯಿತು. ತಿಂದವರು ತಿಂದರೆಂದು ಎಲ್ಲರಿಗೂ ಕಾಣುವ ಹಾಗೆ ಏನಾದರೂ ಕೊಡು ಎಂದು ಬೇಡಿತು. ಸಂಜೆಯ ಹತ್ತಿರ ಉಳಿದಿದ್ದದ್ದು ಒಂದೇ, ಆಕಾಶದ ಅಂಚಿನ ಕಡು ಊದಾ ಬಣ್ಣ. ಅದರಲ್ಲಿ ಬೆರಳು ಅದ್ದಿ ಒಂದೊಂದೇ ಹಣ್ಣಿಗೆ ಮೆಲ್ಲಗೆ ಸವರಿತು. ಗಾಳಿಯೂ ಅಲುಗಾಡದೆ ನಿಂತು ನೋಡಿತು.

ಬೆಳಿಗ್ಗೆ ಹಣ್ಣೆಲ್ಲ ಮಿರಮಿರ ಮಿಂಚಿದವು. ಅಕ್ಕುವಿಗೆ ತಡೆಯಲಾಗಲಿಲ್ಲ. ಒಂದು ಹಿಡಿ ಕಿತ್ತು ಬಾಯಿಯ ಹತ್ತಿರ ತಂದಳು. ದುಗ್ಗಜ್ಜಿ ಓಡಿ ಬಂದು ಆ ಪುಟ್ಟ ಕೈ ಹಿಡಿದಳು.

"ನಿಲ್ಲು ಮಗಾ. ನಿನ್ನೆ ನಾನು ತಿಂದಿರಲಿಲ್ಲ. ಮೊದಲು ನಾನು."

ಅಷ್ಟೂ ಹಣ್ಣು ಅಜ್ಜಿಯ ಬಾಯಿಗೆ ಹೋಯಿತು. ನಾಲಿಗೆ ಊದಾ ಆಯಿತು. ವಿಷ ಏರಿತೆಂದು ಜನ ಅತ್ತರು. ಒಬ್ಬನಂತೂ ಗುಂಡಿ ತೋಡಲು ಜಾಗ ನೋಡಿಕೊಂಡೂ ಬಂದ. ಅಕ್ಕು ಅಜ್ಜಿಯ ಮಡಿಲು ಬಿಡಲಿಲ್ಲ. ಬಿಸಿಲು ಬಂಡೆಯಿಂದ ಬಂಡೆಗೆ ಸರಿಯಿತು, ಸರಿಯಿತು, ಕಡಲಿಗೆ ಇಳಿಯಿತು.

ಆಗ ದುಗ್ಗಜ್ಜಿ ಎದ್ದು ನಿಂತು ನಾಲಿಗೆ ಚಾಚಿದಳು.

"ಅತ್ತದ್ದು ಸಾಕು ಮಾರಾಯ್ರೆ. ಇನ್ನೊಂದು ಹಿಡಿ ತನ್ನಿ."

ಅದಕ್ಕೇ ಇಂದಿಗೂ ಗುಡ್ಡದಲ್ಲಿ ಕುಂಟಲ ತಿಂದ ಮಕ್ಕಳು, ಬೇರೆ ಮಾತಿಗೆ ಮೊದಲು, ಒಬ್ಬರಿಗೊಬ್ಬರು ಊದಾ ನಾಲಿಗೆ ಚಾಚಿ ತೋರಿಸುತ್ತಾರೆ.