ಸಣ್ಣ ಧಣಿ ಕಂಡುಹಿಡಿದ ದೋಷ

ಇಳಕಲ್ಲಿನ ಗ್ರಾನೈಟ್ ಧಣಿಯ ಒಬ್ಬನೇ ಮಗ ಹಳೇ ಕಾರಿಗೆ ದೊಡ್ಡ ಎಂಜಿನ್ ಕೂಡಿಸಿ, ಡಿಕ್ಕಿ ತುಂಬ ಸ್ಪೀಕರುಗಳನ್ನು ತಾನೇ ಜೋಡಿಸಿದ್ದ. ಅಂದಿನಿಂದ ಪೆಟ್ರೋಲಿನ ಒತ್ತಡ ತೋರಿಸುವ ಮುಳ್ಳು ಹುಚ್ಚೆದ್ದು ಕುಣಿಯತೊಡಗಿತು. "ಸ್ಪೀಕರಿನ ವೈರಿಂಗ್ ನೋಡೂಣ್ರಿ" ಎಂದ ಮೆಕ್ಯಾನಿಕ್ ತಿಪ್ಪೇಶನಿಗೆ ಕಪಾಳಕ್ಕೆ ಬಿತ್ತು, ಕೆಲಸವೂ ಹೋಯಿತು.

ಕಾರಿನ ರಿಪೇರಿ ತಿಪ್ಪೇಶನ ಜೊತೆಗಾರ ಮೆಕ್ಯಾನಿಕ್ ಖಾಜಾಸಾಬನ ಪಾಲಿಗೆ ಬಂತು.

"ಸ್ಪೀಕರ್ ಮುಟ್ಟಿದ್ರ ನಿನಗೂ ಅದೇ ಗತಿ," ಎಂದ ಸಣ್ಣ ಧಣಿ.

ಖಾಜಾಸಾಬ ಬೇರೆ ಮೀಟರ್ ಹಚ್ಚಿ ನೋಡಿದ. ಒತ್ತಡ ಸರಿಯಾಗೇ ಇತ್ತು; ಮುಳ್ಳಿನ ವೈರಿಗೆ ಅಂಟಿಕೊಂಡೇ ಸ್ಪೀಕರಿನ ವೈರು ಹಾದಿತ್ತು. ತಿಪ್ಪೇಶ ಹೇಳಿದ್ದೇ ನಿಜ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

"ನನ್ನ ತಲಿಗೆ ಹೊಳೀವಲ್ದು ಧಣಿ, ನೀವ ಒಮ್ಮೆ ಕುಂತು ನೋಡ್ರಿ," ಎಂದು ಕೈಮುಗಿದ.

ಸಣ್ಣ ಧಣಿ ಕೂತು ಹಾಡು ಹಚ್ಚಿದ. ಮುಳ್ಳು ಕುಣಿಯಿತು.

"ದೊಡ್ಡ ಧಣ್ಯಾರು ನಿಮ್ಮನ್ನ ಕೇಳಾಕತ್ತಿದ್ರು. ಫೋನ್ ಹಚ್ಚಬೇಕಂತ," ಎಂದ ಖಾಜಾಸಾಬ.

ಅಪ್ಪನೆಂದರೆ ನಡುಗುವ ಮಗ ಗಡಬಡಿಸಿ ಹಾಡು ನಿಲ್ಲಿಸಿದ. ಮುಳ್ಳೂ ನಿಂತಿತು. ಅವನಿಗೆ ಫೋನು ಮರೆತೇಹೋಯಿತು. ಹಾಡು ಹಚ್ಚಿದ, ಕುಣಿಯಿತು. ಆರಿಸಿದ, ನಿಂತಿತು.

"ನೋಡಲೇ! ಸ್ಪೀಕರ್ ವೈರಿಂದ ಮೀಟರ್ ಕೆಡಾಕತ್ತೈತಿ! ನಾನ ಕಂಡುಹಿಡದೆ!"

"ನಿಮ್ಮಂಥ ತಲಿ ಯಾರಿಗೈತ್ರಿ," ಎನ್ನುತ್ತ ಖಾಜಾಸಾಬ ಆ ವೈರನ್ನು ಬೇರೆ ಮಾಡಿದ. ಮುಳ್ಳು ಮತ್ತೆ ಅಲುಗಲಿಲ್ಲ. ಸಣ್ಣ ಧಣಿ ಹಿಗ್ಗಿಹೋದ. ಇದೇ ಹೊತ್ತೆಂದು ಖಾಜಾಸಾಬ ಮೆಲ್ಲಗೆ ಕೇಳಿದ:

"ಹಂಗಾದ್ರ ತಿಪ್ಪೇಶನ್ನ ಮತ್ತ ಕೆಲಸಕ್ಕ ಕರೀಲೇನ್ರಿ?"

"ಅವನ್ನ್ಯಾಕ? ನನಗ ಹೊಳದದ್ದು ಮೆಕ್ಯಾನಿಕ್ ಆದ ಅವಗ ಹೊಳೀಲಿಲ್ಲಂದ್ರ, ಅಂಥವ ಇದ್ದರೆಷ್ಟು, ಬಿಟ್ಟರೆಷ್ಟು?"

ಉತ್ತರ ಖಾಜಾಸಾಬನ ನಾಲಿಗೆಯ ತುದಿಗೇ ಬಂದಿತ್ತು. ಮನೆಯಲ್ಲಿ ಉಣ್ಣುವ ಬಾಯಿಗಳು ನೆನಪಾದವು. ಅದನ್ನು ನುಂಗಿಕೊಂಡು, "ಹೌದ್ರಿ ಧಣಿ," ಅಂದ.