ಎತ್ತಿ ಕಟ್ಟಿದ ಡೈನಮೊ

“ಗುರುಗಳೇ, ಹಿರಿಯರು ಬಿಟ್ಟುಹೋದ ವಸ್ತುವಿನ ಮೇಲೆ ಅಭಿಮಾನ ಇಟ್ಟುಕೊಳ್ಳುವುದು ತಪ್ಪೇ?” ಎಂದು ಚನ್ನವೀರ ಕೇಳಿದ. ಅವನ ಮನೆಯಲ್ಲಿ ಅಜ್ಜನ ಹಾರ್ಮೋನಿಯಂ ಇತ್ತು. ಅಜ್ಜ ಬಾರಿಸಿ ಬಾರಿಸಿ ಅದರ ಬಿಳಿ ಸ್ವರದ ಮನೆಗಳು ಬೆರಳಿಟ್ಟು ಒತ್ತುವ ಕಡೆ ಸವೆದಿದ್ದವು. ಅದನ್ನು ಸೋಮವಾರದ ಭಜನೆಗೆ ತಂದು ಬಾರಿಸು ಎಂದು ಮಠದಲ್ಲಿ ಹಾಡುವವರು ಕೇಳಿದ್ದರು. ಹಾಳಾದೀತು ಎಂದು ಅವನು ಒಪ್ಪಿರಲಿಲ್ಲ.

“ತಪ್ಪು ಅಂತ ಯಾರಪ್ಪ ಹೇಳಿದರು?” ಎಂದು ಗುರುಗಳು ನಕ್ಕರು. “ನಿನಗಿಂತ ದೊಡ್ಡ ಅಭಿಮಾನಿಯ ಕತೆ ಹೇಳುತ್ತೇನೆ, ಕೂತುಕೋ.”

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ತಂದೆ ಕಾಂಪೌಂಡರ್. ಯಾರಿಗೋ ಜ್ವರ, ಎಲ್ಲೋ ಹೆರಿಗೆ ಎಂದು ಹೇಳಿಕಳಿಸಿದರೆ ಸಾಕು, ಹೊತ್ತುಗೊತ್ತು ನೋಡದೆ ಸೈಕಲ್ ಹತ್ತಿ ಹೊರಡುತ್ತಿದ್ದ ಮನುಷ್ಯ. ದೂರದಲ್ಲಿ ಅವನ ಸೈಕಲ್ಲಿನ ದೀಪ ಕಂಡರೆ ಹಳ್ಳಿಯವರಿಗೆ ಅರ್ಧ ಜೀವ ಬಂದಂತಾಗುತ್ತಿತ್ತು. ತಂದೆ ತೀರಿಕೊಂಡ ಮೇಲೆ ಸೈಕಲ್ಲು ಮಗನಿಗೆ ಬಂತು.

ಮಗ ಅದನ್ನು ನೋಡಿಕೊಂಡ ಬಗೆ ಏನು ಹೇಳಲಿ! ಹೆಂಡತಿಗೆ ನೆಗಡಿಯಾದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸೈಕಲ್ಲಿನ ಮೇಲೆ ಧೂಳು ಕೂತರೆ ಊಟ ಬಿಟ್ಟು ಏಳುತ್ತಿದ್ದ. ಹಿಂದಿನ ಚಕ್ರದ ಪಕ್ಕದ ಡೈನಮೊ ಟೈರಿಗೆ ಉಜ್ಜಿದರೆ ಮಾತ್ರ ದೀಪ ಹತ್ತುತ್ತದೆ, ಉಜ್ಜಿದರೆ ಟೈರು ಸವೆಯುತ್ತದೆ. ತಂದೆ ತೆಗೆದಿಟ್ಟಿದ್ದ ಹೊಸ ಟೈರನ್ನೇ ಅದಕ್ಕೆ ಹಾಕಿದ್ದ, ಆ ಅಳತೆಯದು ಈಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಅವನು ಡೈನಮೊವನ್ನು ಟೈರಿಗೆ ತಾಗದಂತೆ ಎತ್ತಿ ತಂತಿಯಿಂದ ಕಟ್ಟಿಬಿಟ್ಟ. ದೀಪದ ಗಾಜನ್ನು ಮಾತ್ರ ದಿನಾ ಒರೆಸುತ್ತಿದ್ದ.

ಆ ಕಡೆ ಪ್ರತಿ ಚಳಿಗಾಲ ಹಳೆಯ ಸೈಕಲ್ಲುಗಳ ಸವಾರಿ ನಡೆಯುತ್ತಿತ್ತು. ಬೆಳಕು ಹರಿಯುವ ಮುಂಚೆ ಹೊರಟು ಪಕ್ಕದ ಪೇಟೆ ಸೇರಬೇಕು. ಯಾರ ಸೈಕಲ್ಲು ಒಂದಿಷ್ಟೂ ಸವೆಯದೆ ಉಳಿದಿದೆಯೋ ಅವರಿಗೆ ಶಾಲು. ಮೂರು ವರ್ಷ ಶಾಲು ಇವನ ಹೆಗಲಿಗೇ ಬಿದ್ದಿತ್ತು. ನಾಲ್ಕನೆಯದೂ ತನ್ನದೇ ಎಂದುಕೊಂಡು ಹೊರಟ.

ಅವತ್ತು ಮೈ ಕೊರೆಯುವ ಚಳಿ. ಮಂಜಿನಲ್ಲಿ ಮಾರು ದೂರ ಕಾಣುತ್ತಿರಲಿಲ್ಲ. ಬ್ರೇಕು ಹಿಡಿದ ಬೆರಳು ಮರಗಟ್ಟಿದ್ದವು. ಆದರೂ ಸೀಟಿನ ಮೇಲೆ ಬೆನ್ನು ಸೆಟೆಸಿಕೊಂಡೇ ಕೂತಿದ್ದ. ಟೈರಿಗೆ ಕಲ್ಲು ತಾಗಬಾರದೆಂದು ನಿಧಾನ ತುಳಿಯುತ್ತ ಎಲ್ಲರಿಗಿಂತ ಹಿಂದೆ ಉಳಿದ.

ಒಂದು ತಿರುವಿನಲ್ಲಿ ಕಬ್ಬಿನ ಗಾಡಿಯೊಂದು ಅಚ್ಚು ಮುರಿದು ರಸ್ತೆಗೆ ಅಡ್ಡ ಬಿದ್ದಿತ್ತು. ಒಂದು ಎತ್ತು ನೊಗದ ಕೆಳಗೆ ಸಿಕ್ಕಿಕೊಂಡಿತ್ತು. ಗಾಡಿಯವನೂ ಅವನ ಹೆಂಡತಿಯೂ ರಸ್ತೆಯ ಮಧ್ಯೆ ಕೂತು ಹಗ್ಗ ಬಿಚ್ಚುತ್ತಿದ್ದರು.

“ಅಣ್ಣಾರ, ಆ ದೀಪ ಹತ್ತತೈತೇನ್ರಿ?” ಎಂದ ಗಾಡಿಯವ. “ಕಾರ್ಖಾನೆ ಟ್ರ್ಯಾಕ್ಟರು ಬರೂ ಹೊತ್ತು. ನಾವು ಅವರಿಗೆ ಕಾಣಂಗಿಲ್ರಿ.”

ಅವನು ಟೈರು ನೋಡಿದ. ಕೆಳಗೆ ಬಿದ್ದ ಎತ್ತಿನ ಕಣ್ಣು ನೋಡಿದ. ಇಲ್ಲ ಎನ್ನಬೇಕೆಂದು ಬಾಯಿ ತೆರೆದವನು, ಅಪ್ಪನ ಸೈಕಲ್ಲಿನ ದೀಪ ಹತ್ತುವುದಿಲ್ಲ ಎಂದು ಹೇಳಲು ನಾಚಿ ಬಾಯಿ ಮುಚ್ಚಿದ. ತಂತಿ ಬಿಚ್ಚಿದ. ಡೈನಮೊವನ್ನು ಟೈರಿಗೆ ಒತ್ತಿದ. ಟ್ರ್ಯಾಕ್ಟರು ಬರುವ ದಿಕ್ಕಿಗೆ ಮುಖ ಮಾಡಿ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪೆಡಲನ್ನು ಕೈಯಿಂದ ತಿರುಗಿಸತೊಡಗಿದ. ಕೈ ನಿಂತರೆ ದೀಪ ಆರುತ್ತದೆ. ಹಾಗಾಗಿ ನಿಲ್ಲಿಸಲಿಲ್ಲ. ಮೊದಲ ಟ್ರ್ಯಾಕ್ಟರಿನವನು ಆ ಮಿಣುಕು ಕಂಡು ಬ್ರೇಕು ಹಾಕಿ ಎರಡು ಮಾರು ದೂರದಲ್ಲೇ ನಿಂತ. ಆಮೇಲೆ ಬಂದವರೂ ನಿಂತರು. ಮಂಜು ಕರಗುವವರೆಗೂ ಅವನು ತಿರುಗಿಸಿದ. ಎತ್ತು ಎದ್ದು ಮೈ ಕೊಡವಿತು. ಅಷ್ಟರಲ್ಲಿ ಹಳೆಯ ಟೈರಿನ ಮಗ್ಗುಲು ತೇದು ಒಳಗಿನ ನೂಲು ಕಾಣುತ್ತಿತ್ತು.

ಮಧ್ಯಾಹ್ನ ಸೈಕಲ್ಲು ತಳ್ಳಿಕೊಂಡು ಪೇಟೆ ಸೇರಿದ. ಶಾಲು ಆಗಲೇ ಇನ್ನೊಬ್ಬನ ಹೆಗಲ ಮೇಲಿತ್ತು. ಅದನ್ನು ಹೊದಿಸಿದ ಹಿರಿಯರು ಟೈರು ನೋಡಿ ಲೊಚಗುಟ್ಟಿದರು. “ಅಯ್ಯೋ, ಇಷ್ಟು ವರ್ಷ ಕಾಪಾಡಿದ್ದು ಹೋಯಿತಲ್ಲ ತಮ್ಮಾ. ಏನು ಮಾಡಿಕೊಂಡೆ?”

ಅವನು ಆ ತೇದ ಮಗ್ಗುಲು ಎಲ್ಲರಿಗೂ ಕಾಣುವಂತೆ ಸೈಕಲ್ಲು ತಿರುಗಿಸಿ ನಿಲ್ಲಿಸಿದ. ಮೂರು ಶಾಲು ಹೊದ್ದಾಗಲೂ ಅವನ ಎದೆ ಅಷ್ಟು ಉಬ್ಬಿರಲಿಲ್ಲ. “ಇಷ್ಟು ವರ್ಷ ಇದು ನಮ್ಮಪ್ಪನ ಸೈಕಲ್ಲಾಗಿತ್ತು,” ಎಂದ. “ಇವತ್ತಿನಿಂದ ನನ್ನದೂ ಹೌದು.”

ಕತೆ ಅಲ್ಲಿಗೆ ನಿಂತಿತು. ಚನ್ನವೀರ, “ಹಾಗಾದರೆ ಅಭಿಮಾನ ತಪ್ಪಲ್ಲ ಅಂತಾಯಿತು, ಅಲ್ಲವೇ?” ಎಂದ.

ಗುರುಗಳು ಹೇಳಿದರು: “ತಪ್ಪೇ ಅಲ್ಲ. ಆ ಹಾರ್ಮೋನಿಯಂ ಭಜನೆಗೆ ತಂದು ಬಾರಿಸಿ, ನಿನ್ನ ಬೆರಳಿನಿಂದ ಸವೆದ ಮನೆ ಯಾವುದು ಅಂತ ತೋರಿಸು.”