ಗೋಡೆಯ ಮೇಲಿನ ಪುಟ್ಟ ಅಂಗೈ

ನೆಲದ ಮೇಲೂ ನೆಲದಡಿಯಲ್ಲೂ ಒಂದೇ ಸಮನೆ ನೆಲೆಸಿರುವ ನಾರಾಯಣನಿಗೆ ಕೈಮುಗಿದು ಈ ಕಥೆ, ಮಕ್ಕಳೇ.

ಒಂದು ಕಾಡಿನಲ್ಲಿ ಹೊಳೆಯ ಅಡಿಯಲ್ಲೊಂದು ಸುರಂಗವಿತ್ತು. ಸುರಂಗದ ನಡುವೆ ಒಂದು ನಿಲ್ದಾಣ. ಆಮೆಗಳು ಸಾಲಾಗಿ ಬಂದು, ಸಣ್ಣ ಪ್ರಾಣಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ಬಿಡುತ್ತಿದ್ದವು. ಒಂದು ಮಳೆಗಾಲ ಒಳಗೆ ನೀರು ನುಗ್ಗಿತು. ದೀಪವಾಗಿದ್ದ ಮಿಂಚುಹುಳಗಳು ಹಾರಿಹೋದವು. ಕಗ್ಗತ್ತಲು. ಆಗ ಹೆಗ್ಗಣದ ಮರಿ ಕೆಂಚ, ಹಸಿ ಗೋಡೆಗೆ ಅಂಗೈ ಒತ್ತುತ್ತಾ ಬಾಗಿಲವರೆಗೆ ನಡೆದ. ಆ ಗುರುತುಗಳನ್ನು ತಡವಿಕೊಂಡು ಹಿಂದಿದ್ದವರು ಹೊರಬಂದರು. ಉಳಿದವರನ್ನು ಕರೆಯಲು ಮತ್ತೆ ಒಳಗೆ ಹೋದ ಕೆಂಚ ಮಾತ್ರ ಮರಳಲಿಲ್ಲ.

ಗೋಡೆ ಒಣಗಿತು. ಪುಟ್ಟ ಅಂಗೈಗಳು ಅಲ್ಲೇ ಉಳಿದವು. ತಾಯಿ ದ್ಯಾವಮ್ಮ ದಿನಾ ಬೆಳಿಗ್ಗೆ ಅವುಗಳಲ್ಲಿ ಬೆರಳಿಟ್ಟು ದೇವರ ಹೆಸರು ಹೇಳುತ್ತಿದ್ದಳು. ಮಗನೆಂದು ಅವಳಿಗೆ ಉಳಿದದ್ದು ಅಷ್ಟೇ.

ನಿಲ್ದಾಣವನ್ನು ಹೊಸದಾಗಿ ಕಟ್ಟುವ ಕೆಲಸ ಜಗ್ಗಪ್ಪ ನರಿಯ ಪಾಲಾಯಿತು. ಗೋಡೆಗೆಲ್ಲ ಮಣ್ಣು ಮೆತ್ತಿ ಚಿತ್ರ ಬರೆಸುತ್ತಾನೆಂದು ಸುದ್ದಿ ಹಬ್ಬಿತು.

“ಜಗ್ಗಪ್ಪ, ಆ ಗುರುತು ಮುಚ್ಚಬೇಡಪ್ಪ. ಕತ್ತಲಾದರೆ ಅದೇ ದಾರಿ,” ಎಂದು ದ್ಯಾವಮ್ಮ ಬೇಡಿಕೊಂಡಳು.

“ಅಯ್ಯೋ, ಮುಚ್ತೀನಾ ತಾಯಿ? ಸುತ್ತ ಹೂಬಳ್ಳಿ ಬರೆಸ್ತೀನಿ. ನೀನು ಬನದ ದೇವರಿಗೆ ಹೋಗಿ, ಮಗನ ಹೆಸರಲ್ಲಿ ಹಣ್ಣುಕಾಯಿ ಮಾಡಿಸ್ಕೊಂಡು ಬಾ.”

ನಂಬಿ ಹೋದಳು. ಬಂದು ನೋಡಿದರೆ ಗೋಡೆ ಕನ್ನಡಿಯಂತೆ ನುಣುಪು. ಅದರ ಮೇಲೆ ಅಂಬಾರಿ ಏರಿದ ನರಿ!

“ಎಲ್ಲಪ್ಪಾ ನನ್ನ ಮಗ?”

“ಅಳೋ ಗೋಡೆ ಯಾರಿಗೆ ಬೇಕಮ್ಮ? ಬಂದವರು ಬಾಯಿ ಬಿಟ್ಕೊಂಡು ನೋಡ್ಬೇಕು. ನೋಡು, ನನ್ನ ಮೀಸೆ ಹೇಗೆ ಬಂದಿದೆ!”

ನಿಲ್ದಾಣ ತೆರೆದ ದಿನವೇ ಹೊಳೆ ಉಕ್ಕಿತು. ಬಾಗಿಲಲ್ಲಿ ನೆರೆದಿದ್ದವರು ಹೊರಗೆ ಓಡಿದರು. ಮಿಂಚುಹುಳಗಳು ಮತ್ತೆ ಹಾರಿಹೋದವು. ಚಿತ್ರವನ್ನು ಯಾರೂ ಮುಟ್ಟದಂತೆ ಒಳಗೆ ಕಾವಲು ನಿಂತಿದ್ದ ನರಿ ಕತ್ತಲಲ್ಲಿ ಸಿಕ್ಕಿಬಿದ್ದ. ಗೋಡೆ ತಡವಿದ. ಎಲ್ಲ ಕಡೆಯೂ ನುಣುಪು.

“ದ್ಯಾವಮ್ಮಾ, ದಾರಿ ಯಾವ ಕಡೆ?”

“ಇತ್ತ ಬಾರಪ್ಪಾ, ಇತ್ತ!” ಬಾಗಿಲ ಹೊರಗೆ ನಿಂತು ಗಂಟಲು ಹರಿಯುವಂತೆ ಅವಳು ಕೂಗಿದಳು. ಸುರಂಗದೊಳಗೆ ಆ ದನಿ ನಾಲ್ಕೂ ದಿಕ್ಕಿನಿಂದ ಕೇಳಿಸಿತು. ನರಿ ಗುರುತು ಹುಡುಕುತ್ತಾ ತನ್ನ ಚಿತ್ರವನ್ನು ತಾನೇ ಪರಚಿದ. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು.

ನೀರಿಳಿದ ಮೇಲೆ ದ್ಯಾವಮ್ಮ ಒಳಗೆ ಹೋದಳು. ಹೊಸ ಮಣ್ಣು ಜಾರುವಾಗ ಹಳೆಯದನ್ನೂ ಕಿತ್ತುಕೊಂಡು ಬಿದ್ದಿತ್ತು. ಒಂದು ಗುರುತೂ ಉಳಿದಿರಲಿಲ್ಲ. ಕೆಸರನ್ನು ಹಿಡಿಹಿಡಿಯಾಗಿ ಎತ್ತಿ ನೋಡಿದಳು.

“ಇನ್ನು ಬೆರಳು ಎಲ್ಲಿಡಲಿ, ದೇವರೇ?”

ಆದರೂ ಮಾರನೇ ಬೆಳಿಗ್ಗೆ ಅದೇ ಜಾಗಕ್ಕೆ ಬಂದು, ಬರಿಯ ಗೋಡೆಗೆ ಕೈಮುಗಿದು ನಿಂತಳು.

ನೀತಿ: ದಾರಿ ತೋರಿದವರ ಗುರುತನ್ನು ಅಳಿಸಿ ತನ್ನನ್ನೇ ಮೆರೆಸಿಕೊಂಡವನಿಗೆ ಕತ್ತಲಲ್ಲಿ ದಾರಿ ಸಿಗುವುದಿಲ್ಲ.

ಕೇಳಿದ ನಿಮ್ಮೆಲ್ಲರ ಕೈಗೂ ಕತ್ತಲಲ್ಲಿ ಒಂದು ಗುರುತು ಸಿಗುವಂತೆ ಆ ಭಗವಂತ ಕಾಪಾಡಲಿ.